ಬಲಗಾಲಿಯ ತಕರಾರು

ಅಪ್ಪನ ಹಳೆಯ ಫೋರ್‌ವೀಲ್ ಪಿಕಪ್‌ಗೆ ಅಳವಂಡಿ ಸೀಮೆಯಲ್ಲಿ ಒಂದು ಮರ್ಯಾದೆಯಿದೆ. ಮಳೆ ಬಿದ್ದ ಮರುದಿನ ಎರೆಹೊಲದ ದಾರಿಯಲ್ಲಿ ಯಾರ ಗಾಡಿ ಸಿಕ್ಕಿಬಿದ್ದರೂ ಅವರು ಮೊದಲು ಬರುವುದು ನಮ್ಮ ಮನೆಗೆ. ನಾಲ್ಕೂ ಗಾಲಿ ಕಚ್ಚಿ ಎಳೆಯುವಾಗ ಅಪ್ಪನ ಮುಖ ನೋಡಬೇಕು. ಅಂಥ ಗಾಡಿ ಈ ಮುಂಗಾರಿನಲ್ಲಿ ಬೀಸುಕಲ್ಲಿನಂತೆ ಗರಗರ ಎನ್ನತೊಡಗಿತು.

ಭಾಗ್ಯನಗರದ ಉಸ್ತಾದರು ಅಪ್ಪನ ಕಾಯಂ ಮೆಕ್ಯಾನಿಕ್. ಗಾಡಿ ಅಂಗಳಕ್ಕೆ ಬರುವ ಮೊದಲೇ ಸದ್ದು ಕೇಳಿ ರೋಗ ಹೇಳುವವರೆಂದು ಅವರ ಹೆಸರು. ಅಪ್ಪನ ಜೊತೆ ನಾನೂ ಅಲ್ಲಿಗೆ ಹೋದೆ.

"ಗೇರ್‌ಬಾಕ್ಸ್ ಬಿಚ್ಚಬೇಕ್ರಿ ಅಣ್ಣಾರ. ಹಳೇ ಮಾಡಲ್, ಒಳಗಿನ ಸಾಮಾನು ಸಿಗೂದು ಭಾಳ ಕಷ್ಟ" ಎಂದರು.

ಅಪ್ಪ ಗಾಡಿ ಮಾರುವುದೇ ಲೇಸೆಂದುಕೊಂಡ. ಬಹುದಿನದಿಂದ ಗಾಡಿ ಕೇಳುತ್ತಿದ್ದ ಹಿಟ್ನಾಳದವನಿಗೆ ಅಲ್ಲಿಂದಲೇ ಫೋನು ಹಚ್ಚಿ, "ಗೇರ್‌ಬಾಕ್ಸ್ ಹೋಗೈತಿ, ನಾಳಿ ಬಂದು ಒಯ್ದುಬಿಡ್ರಿ" ಎಂದ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದೆಂದರೆ, ಹಿರಿಯರು ಹೇಳಿದರು ಎಂಬುದು ಪುರಾವೆಯಲ್ಲ.

"ಗೇರ್‌ಬಾಕ್ಸೇ ಅಂತ ಹೆಂಗ ಹೇಳ್ತೀರಿ ಚಾಚಾ?"

"ಮೂವತ್ತು ವರ್ಷದ ಕಿವಿ, ಬೇಟಿ."

"ಕಿವಿಗೆ ವಯಸ್ಸಾಗಂಗಿಲ್ಲೇನ್ರಿ?"

ಅಪ್ಪ ಕಣ್ಣು ಕೆಂಪು ಮಾಡಿದ. ಉಸ್ತಾದರು ನಕ್ಕರು. "ಕಾಲೇಜಿನ್ಯಾಗ ಮೋಟಾರ್ ಕಲಸ್ತಾರೇನು?"

"ಇಲ್ರಿ, ಜಗಳಾ ಕಲಸ್ತಾರ. ಒಂದು ಸುತ್ತು ಹೋಗಿ ಬರೂಣು, ಬರ್ರಿ."

ಅಪ್ಪ ಓಡಿಸಿದ. ನಾಲ್ಕೂ ಗಾಲಿಗೆ ಬಲ ಕೊಡುವ ಫೋರ್‌ವೀಲ್ ಲಿವರ್ ಅರ್ಧಕ್ಕೇ ಸಿಕ್ಕಿಕೊಂಡಿದೆ ಎಂಬುದು ನನ್ನ ಮೊದಲ ವಾದ. ಲಿವರ್ ಎಳೆಸಿ ಫೋರ್‌ವೀಲ್ ಪೂರ್ತಿ ಬಿಡಿಸಿದೆ. ಸದ್ದು ಹಾಗೇ ಇತ್ತು.

"ಸೋತಿ" ಎಂದರು ಉಸ್ತಾದರು.

ಒಪ್ಪಿಕೊಂಡೆ. ಗಾಡಿ ನಿಲ್ಲಿಸಿ ಎಂಜಿನ್ ಜೋರು ಮಾಡಿಸಿದೆ, ಗರಗರ ಇಲ್ಲ. ಓಡುವಾಗ ನ್ಯೂಟ್ರಲ್‌ಗೆ ಹಾಕಿಸಿದೆ. ಗಾಡಿ ತಾನಾಗಿ ಉರುಳುವಾಗಲೂ ಗರಗರ.

"ನೋಡ್ರಿ ಚಾಚಾ, ಗೇರ್ ಇಲ್ಲ, ಸದ್ದು ಐತಿ."

"ಗೇರ್‌ಬಾಕ್ಸಿನ ಹಿಂದಿನ ಭಾಗ ಆಗಲೂ ತಿರಗತೈತಿ, ಬೇಟಿ."

ಮಾತು ನಿಜವಾಗಿತ್ತು. ಹಾಗಾಗಿ ಖಾಲಿ ಮೈದಾನಕ್ಕೆ ಹೋಗಿ ಎಡಕ್ಕೆ, ಬಲಕ್ಕೆ ಹೊರಳಿಸಲು ಹೇಳಿದೆ. ಎಡಕ್ಕೆ ಹೊರಳಿದರೆ ಗರಗರ ಕಿವಿ ಕೊರೆಯುವಷ್ಟು. ಬಲಕ್ಕೆ ಹೊರಳಿದರೆ ಹೆಚ್ಚುಕಡಿಮೆ ಮೌನ.

"ಗೇರ್‌ಬಾಕ್ಸಿಗೆ ಎಡಾ ಬಲಾ ಗೊತ್ತಾಗತೈತೇನ್ರಿ? ಎಡಕ್ಕ ಹೊಳ್ಳಿದ್ರ ಭಾರ ಬಲಕ್ಕ ಬೀಳತೈತಿ. ಸದ್ದು ಮುಂದಿನಿಂದ ಬರತೈತಿ. ಮುಂದಿನ ಬಲಗಾಲಿ ಅಳಾಕತ್ತೈತಿ."

ಉಸ್ತಾದರು ಗಾಡಿಯನ್ನು ಗ್ಯಾರೇಜಿಗೆ ತಿರುಗಿಸಲು ಹೇಳಿದರು. ಮರಳಿ ಬಂದು ತಾವೇ ಜಾಕಿ ಹಚ್ಚಿದರು. ಅದುರು ತಿಳಿಯಲೆಂದು ಒಂದು ಅಂಗೈಯನ್ನು ಸ್ಪ್ರಿಂಗಿನ ಮೇಲಿಟ್ಟು, ಇನ್ನೊಂದರಿಂದ ಆ ಗಾಲಿ ತಿರುವಿದರು. ಕಣ್ಣು ಮುಚ್ಚಿ, ತೆರೆದು, ಸ್ಪ್ಯಾನರ್ ತೆಗೆದುಕೊಂಡರು. ಒಳಗಿನ ಬೇರಿಂಗಿನಲ್ಲಿ ಗ್ರೀಸಿನ ಸುಳಿವಿಲ್ಲ. ತುಕ್ಕು, ರಾಡಿನೀರು, ನುಣ್ಣನೆಯ ಕರಿಮಣ್ಣು.

"ಇದೊಂದಕ್ಕ ಇಷ್ಟು ನೀರು ಎಲ್ಲಿಂದ ಬಂತ್ರಿ ಅಣ್ಣಾರ?"

ಅಪ್ಪ ತಲೆ ಕೆರೆದುಕೊಂಡ. ಎರೆಮಣ್ಣು ಒಣಗಿದರೆ ಕಲ್ಲಾಗುತ್ತದೆಂದು, ಯಾರದೋ ಗಾಡಿ ಎಳೆದು ಬಂದ ದಿನವೆಲ್ಲ ಅವನು ಬೋರಿನ ಪೈಪನ್ನು ಗಾಲಿಯ ನಡುವಿಗೇ ಹಿಡಿದು ತೊಳೆಯುತ್ತಿದ್ದ. ಗಾಡಿ ನಿಲ್ಲುವ ಜಾಗದಲ್ಲಿ ಪೈಪು ಸಲೀಸಾಗಿ ಮುಟ್ಟುವುದು ಅದೊಂದು ಗಾಲಿಗೆ. ಎಲ್ಲಕ್ಕಿಂತ ಹೆಚ್ಚು ಪ್ರೀತಿ ಉಂಡ ಗಾಲಿಯೇ ಕೆಟ್ಟಿತ್ತು.

ಹೊಸ ಬೇರಿಂಗಿಗೆ ಗ್ರೀಸು ತುಂಬುತ್ತ ಉಸ್ತಾದರು ಹೇಳಿದರು: "ಇನ್ನ ಮ್ಯಾಲೆ ಯಾವ ಗಾಡಿ ಬಂದ್ರೂ ಮೊದಲು ಎಡಕ್ಕ ಹೊಳ್ಳಸ್ತೀನಿ, ಆಮ್ಯಾಲೆ ಮಾತಾಡ್ತೀನಿ." ಚರ್ಚಾಸ್ಪರ್ಧೆಯ ಯಾವ ಕಪ್ ಗೆದ್ದಾಗಲೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಮರುದಿನ ಹಿಟ್ನಾಳದವನು ಬಂದ. ಅಪ್ಪ ಅವನಿಗೆ ಚಹಾ ಕೊಟ್ಟ, ಕೀಲಿ ಕೊಡಲಿಲ್ಲ.

"ಗೇರ್‌ಬಾಕ್ಸ್ ಹೋಗೈತಿ ಅಂದಿದ್ರಲ್ರಿ?"

"ಅಂದಿದ್ನಿ. ನಮ್ಮ ಹುಡುಗಿ ವಾದಾ ಮಾಡಿ ಗಾಡಿ ಬಿಡಿಸ್ಕೊಂಡು ಬಂದಾಳ. ಮಾರೂದಿಲ್ಲ."

ಈಗ ಕೆಸರಿನಿಂದ ಗಾಡಿ ಎಳೆಯುವಾಗಲೆಲ್ಲ ಅಪ್ಪ ನೆರೆದವರಿಗೆ ಈ ಕಥೆ ಹೇಳುತ್ತಾನೆ. ಅವನ ಕಥೆಯಲ್ಲಿ ನಾನು ಒಂದೂ ವಾದ ಸೋಲುವುದಿಲ್ಲ. ಲಿವರ್‌ನ ಮಾತೇ ಬರುವುದಿಲ್ಲ. ಎಲ್ಲದಕ್ಕೂ ಪುರಾವೆ ಕೇಳುವ ನಾನು ಆ ತಪ್ಪನ್ನು ಇನ್ನೂ ತಿದ್ದಿಲ್ಲ.