ರೋಮಿನ ಗಂಡನಿಗೆ ಗೊತ್ತಿತ್ತೇ

ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು ನರೇಗಲ್ಲಿನಲ್ಲಿ ಕೂತು ರೋಮಿನ ಮೇಲೆ ಕಾದಂಬರಿ ಬರೆಯುತ್ತಾನೆಂದರೆ ಊರಿಗೆಲ್ಲ ತಮಾಷೆ. 'ಸರ್, ರೋಣ ದಾಟಿ ರೋಮಿಗೆ ಹೊಂಟ್ರಲ್ರಿ' ಎಂದು ಚಹಾದಂಗಡಿಯಲ್ಲಿ ಕಾಡುತ್ತಿದ್ದರು. ಪಾಠದ ಪುಸ್ತಕದಲ್ಲಿ ಮೊದಮೊದಲ ಕ್ರೈಸ್ತರ ಬಗ್ಗೆ ನಾಲ್ಕು ಸಾಲು ಇದ್ದವು. ವರ್ಷಗಟ್ಟಲೆ ಅವನ್ನು ಓದಿಸಿ ಮುಂದೆ ಹೋಗಿದ್ದೆ. ಕೆಲಸವಿಲ್ಲದೆ ಕೂತ ಮೇಲೆ ಅವೇ ಬೆನ್ನು ಹತ್ತಿದವು.

ಕಥೆ ಇಷ್ಟೇ. ರೋಮಿನ ಎಣ್ಣೆ ವ್ಯಾಪಾರಿಯೊಬ್ಬನ ಹೆಂಡತಿ ಗುಟ್ಟಾಗಿ ಕ್ರೈಸ್ತಳಾಗಿದ್ದಾಳೆ. ಗಂಡನ ಮನೆದೇವರಿಗೆ ದೀಪ ಹಚ್ಚುತ್ತಾಳೆ, ನಸುಕಿನಲ್ಲಿ ತನ್ನ ದೇವರನ್ನು ನೆನೆಯುತ್ತಾಳೆ. ಅವನ ಕಡೆಯವರು ಸತ್ತವರನ್ನು ಸುಡುತ್ತಾರೆ, ಅವಳ ಕಡೆಯವರು ಹೂಳುತ್ತಾರೆ. ಗಂಡನಿಗೆ ಅವಳ ಮೇಲೆ ಜೀವ, ಆದರೆ ಅವನಿಗೆ ಏನೂ ಗೊತ್ತಿಲ್ಲ.

ಬರೆದದ್ದನ್ನು ಸಂಜೆ ಹೆಂಡತಿಗೆ ಓದಿ ಹೇಳುತ್ತಿದ್ದೆ. ಅವಳು ಹೆಸರುಕಾಳು ಹಸನು ಮಾಡುತ್ತ ಕೇಳುತ್ತಿದ್ದಳು. ಒಂದು ಸಂಜೆ ಕೈ ನಿಲ್ಲಿಸಿದಳು.

'ಇದು ಖರೇ ಅನಸೂದಿಲ್ರಿ. ಗಂಡಗ ಗೊತ್ತಿರ್ತೈತಿ.'

'ಗೊತ್ತಿದ್ರ ಸುಮ್ನ ಯಾಕ ಇರ್ತಾನ?'

'ಆಕಿ ಮ್ಯಾಲ ಜೀವ ಐತಿ ಅಂತ ನೀವ ಬರದೀರಲ್ರಿ. ಅದಕ್ಕ ಸುಮ್ನ ಅದಾನ.'

ಹೇಳಿ, ನನ್ನ ಮುಖವನ್ನೇ ನೋಡಿ ನಕ್ಕಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕಾದಂಬರಿ ಬರೆಯುವವನು ನಾನೋ ನೀನೋ ಎಂದು ಸಿಡುಕಿ ಹಾಳೆ ಮಡಚಿಟ್ಟೆ.

ನಮ್ಮದು ಜಾತಿ ಮೀರಿದ ಮದುವೆ. ಅವಳು ಮೆಣಸಗಿಯ ಲಿಂಗಾಯತರ ಮನೆಯವಳು. ಕೊರಳಿನ ಲಿಂಗ ತೆಗೆದಿಟ್ಟೇ ಬರಬೇಕೆಂದು ನನ್ನ ಅವ್ವ ಹಟ ಹಿಡಿದಿದ್ದಳು. ಅವಳು ಮರುಮಾತಾಡದೆ ತೆಗೆದಳು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅವ್ವ ತೀರಿಕೊಂಡ ಮೇಲೂ ನಾನು ಆ ಮಾತೆತ್ತಲಿಲ್ಲ, ಅವಳೂ ಎತ್ತಲಿಲ್ಲ.

ಹೋದ ವರ್ಷ ಒಂದು ಮುಂಜಾನೆ ಎದೆನೋವು ಅಂದಳು. ದವಾಖಾನೆ ಮುಟ್ಟುವುದರೊಳಗೆ ಹೋಗಿಬಿಟ್ಟಿದ್ದಳು. ನನಗೆ ಅಳು ಬರಲಿಲ್ಲ. ಕೈಕಾಲು ಬೇರೆ ಯಾರವೋ ಅನ್ನಿಸುತ್ತಿತ್ತು. ಯಾರೋ ಚಹಾ ಕೊಟ್ಟರು, ಕುಡಿದೆ. ಅದರಲ್ಲಿ ಸಕ್ಕರೆ ಇತ್ತೋ ಇಲ್ಲವೋ ತಿಳಿಯಲಿಲ್ಲ. ಗಜೇಂದ್ರಗಡದಿಂದ ಬಂದ ನನ್ನ ಅಣ್ಣ ಮೊಬೈಲಿನಲ್ಲಿ ಕಟ್ಟಿಗೆ ತರಿಸಲು ಹೇಳುತ್ತಿದ್ದ. ಅದು ಯಾರ ಸಲುವಾಗಿ ಎಂದು ಒಂದು ಗಳಿಗೆ ನನಗೆ ಹೊಳೆಯಲೇ ಇಲ್ಲ.

ಅಷ್ಟರಲ್ಲಿ ಅವಳ ಅಕ್ಕ ಬಂದಳು. ಅಳುತ್ತಲೇ ಅಡಿಗೆಮನೆಗೆ ಹೋಗಿ, ಜೋಳದ ಹಿಟ್ಟಿನ ಡಬ್ಬಿಯ ಹಿಂದಿನಿಂದ ಒಂದು ಅರಿವೆಯ ಗಂಟು ತಂದು ಬಿಚ್ಚಿದಳು. ಒಳಗೆ ಲಿಂಗ, ಒಂದು ತುಂಡು ವಿಭೂತಿ.

'ದಿನಾ ನಸಿಕಿನ್ಯಾಗ ಪೂಜಿ ಮಾಡ್ತಿದ್ಲ್ರಿ. ಆಕಿನ್ನ ಸುಡಬ್ಯಾಡ್ರಿ. ಇದನ್ನ ಕೈಯಾಗ ಕೊಟ್ಟು, ಕುಂದ್ರಿಸಿ ಮಣ್ಣು ಮಾಡ್ರಿ.'

ನಸುಕಿನಲ್ಲಿ ಅಡಿಗೆಮನೆಯ ಬಾಗಿಲು ಅರೆ ಮುಚ್ಚಿರುತ್ತಿತ್ತು. ಚಹಾ ತಂದುಕೊಡುವಾಗ ಅವಳ ಬೆರಳಿಗೆ ಬೆಳ್ಳಗೆ ಏನೋ ಅಂಟಿರುತ್ತಿತ್ತು. ಹಿಟ್ಟು ಅಂದುಕೊಂಡಿದ್ದೆ. ಸಾವಿರಾರು ವರ್ಷದ ಹಿಂದಿನದನ್ನು ಕಲಿಸಿ ಪಗಾರ ಎಣಿಸಿದ ಮಾಸ್ತರನ ಕಣ್ಣು ಇಷ್ಟು ಚುರುಕು.

ಅಣ್ಣ ಸಿಟ್ಟಾದ. 'ನಮ್ಮ ಮನಿಗೆ ಬಂದ ಹೆಣ್ಣಿಗೆ ನಮ್ಮ ಪದ್ಧತಿನ ಆಗಬೇಕು. ತಮ್ಮಾ, ಇದು ನಿನಗರ ಗೊತ್ತಿತ್ತೇನ?'

ಇಲ್ಲ ಎಂದರೆ ಅವಳನ್ನು ಸುಡುತ್ತಿದ್ದರು. ಗಂಡನಿಗೆ ಮುಚ್ಚಿಟ್ಟವಳು ಎಂಬ ಮಾತೂ ಅವಳಿಗೆ ಅಂಟಿಕೊಳ್ಳುತ್ತಿತ್ತು.

'ಗೊತ್ತಿತ್ತು,' ಎಂದೆ. 'ಮೊದಲಿಂದ ಗೊತ್ತಿತ್ತು. ಆಕಿ ಕಡಿಯವರ ಪದ್ಧತಿ ಪ್ರಕಾರನ ಆಗಲಿ.'

ಅಣ್ಣ ಮತ್ತೆ ಮೊಬೈಲು ತೆಗೆದು ಕಟ್ಟಿಗೆ ಬೇಡವೆಂದ. ಕಟ್ಟಿಗೆಯ ಟ್ರ್ಯಾಕ್ಟರು ಬಂದ ಹಾದಿಯಲ್ಲೇ ತಿರುಗಿ ಹೋಯಿತು. ಅವಳನ್ನು ಕುಳ್ಳಿರಿಸಿ ಎಡಗೈಯಲ್ಲಿ ಲಿಂಗ ಇಟ್ಟರು. ಹೇಳಿದಾಗ ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಆಗ ಅವಳ ಅಕ್ಕ ನನ್ನ ಪಕ್ಕಕ್ಕೆ ಬಂದು ಹೇಳಿದಳು.

'ಯಾವಾಗ್ಲೂ ಅಂತಿದ್ಲ್ರಿ. ನಮ್ಮನಿಯವರಿಗೆ ಎಲ್ಲಾ ಗೊತ್ತೈತಿ, ಆದ್ರೂ ಒಂದ ದಿನಾನೂ ಕೇಳಿಲ್ಲ, ಅಂಥಾ ಗಂಡ ಯಾರಿಗೂ ಸಿಗೂದಿಲ್ಲ ಅಂತ.'

ನನಗೆ ಇನ್ನೂ ಅಳು ಬಂದಿಲ್ಲ. ಸಂಜೆ ಓದಿ ಹೇಳುವುದಕ್ಕೆ ಯಾರೂ ಇಲ್ಲದಿದ್ದರೂ ಬರೆಯುತ್ತೇನೆ. ಕಾದಂಬರಿಯನ್ನು ಅವಳು ಹೇಳಿದ ಹಾಗೆ ತಿದ್ದಿದ್ದೇನೆ. ರೋಮಿನ ಆ ಗಂಡನಿಗೆ ಈಗ ಎಲ್ಲ ಗೊತ್ತು, ಹೆಂಡತಿಯ ಮೇಲಿನ ಜೀವಕ್ಕೆ ಸುಮ್ಮನಿದ್ದಾನೆ. ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.