ಹಣೆಯ ಮೇಲಿನ ಧೂಳು

ರಿಪೇರಿಗೆ ಬಂದ ಕ್ಯಾಮೆರಾ ಬಿಚ್ಚುವ ಮುಂಚೆ ಅಕ್ಕ ಮೊಣಕೈವರೆಗೆ ಕೈ ತೊಳೆದು, ತಲೆಗೆ ಒದ್ದೆ ಟವೆಲ್ ಬಿಗಿದು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು. ಆಮೇಲೆ ಕಾಣುತ್ತಿದ್ದುದು ಎರಡು ಕಣ್ಣು ಮಾತ್ರ. ಆ ಅವತಾರದಲ್ಲಿ ಬಚ್ಚಲುಮನೆ ಹೊಕ್ಕು ಬಾಗಿಲು ಹಾಕಿಕೊಂಡರೆ ಗಿರಾಕಿ ಎಷ್ಟು ಕೂಗಿದರೂ ಹೊರಗೆ ಬರುತ್ತಿರಲಿಲ್ಲ.

ಉರಿಗಾಂನ ಚಿನ್ನದ ಗಣಿ ಕಾರ್ಮಿಕರ ಸಾಲುಮನೆಯೊಂದರ ಮುಂಭಾಗದಲ್ಲಿ ಅವರ ಸ್ಟುಡಿಯೋ ಇತ್ತು. ಎಲ್ಲರಿಗೂ ಅವರು ಸ್ಟುಡಿಯೋ ಅಕ್ಕ. ಆಷಾಢದ ಗಾಳಿ ಎದ್ದರೆ ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬಗಳ ಪುಡಿ ಅನ್ನದ ತಟ್ಟೆಯವರೆಗೂ ಬರುವ ಜಾಗ ಅದು. ಅಂಥಲ್ಲಿ ಕ್ಯಾಮೆರಾದ ಹೊಟ್ಟೆ ತೆರೆಯುವುದು ಹುಡುಗಾಟವಲ್ಲ. ಅಕ್ಕ ಬಚ್ಚಲಲ್ಲಿ ಹಂಡೆಯ ಬಿಸಿನೀರು ಸುರಿದು, ಹಬೆ ಪೂರ್ತಿ ಅಡಗುವವರೆಗೆ ಹೊರಗೆ ಕೂತು ಕಾಫಿ ಕುಡಿಯುವರು. ಹಬೆಯ ಜೊತೆ ಗಾಳಿಯಲ್ಲಿನ ಧೂಳೂ ನೆಲ ಹಿಡಿಯುತ್ತದೆ ಎಂಬುದು ಅವರ ಲೆಕ್ಕ. ಆಮೇಲೆ ಒಳಗೆ ಹೋಗಿ, ಕ್ಯಾಮೆರಾ ಬಾಯಿ ಕೆಳಗೆ ಮಾಡಿ ಹಿಡಿದು, ರಬ್ಬರ್ ಬುರುಡೆಯಿಂದ ಪುಸ್ ಪುಸ್ ಎಂದು ಗಾಳಿ ಹೊಡೆಯುವರು.

ನಾನು ಕ್ಯಾಸಂಬಳ್ಳಿಯವನು. ಮನೆಯಲ್ಲಿ ಹಸು, ಬೆಳಗೆದ್ದರೆ ಡೈರಿಗೆ ಹಾಲು. ಫೋಟೊ ತೆಗೆದು ಬದುಕುವ ಹುಚ್ಚು ಹಿಡಿದು ಬಂಗಾರಪೇಟೆಯಲ್ಲಿ ಒಬ್ಬರಿಂದ ಹಳೆಯ ಡಿಜಿಟಲ್ ಕ್ಯಾಮೆರಾ ಕೊಂಡಿದ್ದೆ. ಹೊರಗೆ ಹೊಸದರ ಹಾಗೆ ಹೊಳೆಯುತ್ತಿತ್ತು. ಮದುವೆ ಹೆಣ್ಣನ್ನೂ ಯಾರೂ ಹಾಗೆ ಮುಖ ನೋಡಿ ಒಪ್ಪುವುದಿಲ್ಲ, ನಾನು ಒಪ್ಪಿದೆ.

ಮೊದಲ ಕೆಲಸ ನಮ್ಮ ಊರಿನದೇ ಒಂದು ಗೃಹಪ್ರವೇಶ. ಆ ಮನೆಯ ಅಜ್ಜಿ ಗಂಡನನ್ನು ಕಳೆದುಕೊಂಡು ಬಹಳ ಕಾಲವಾಗಿತ್ತು, ಹಣೆ ಬರಿದು. ಅಂಗಳದ ಬಿಸಿಲಲ್ಲಿ ಅವರದೊಂದು ಹತ್ತಿರದ ಚಿತ್ರ ತೆಗೆದಿದ್ದೆ. ಆಲ್ಬಂ ಕೊಟ್ಟ ಮಾರನೆಯ ದಿನವೇ ಅಜ್ಜಿಯ ಮಗ ನಮ್ಮ ಜಗಲಿಯ ಮೇಲೆ ಅದನ್ನು ಎಸೆದ.

"ಕಂಪ್ಯೂಟ್ರಾಗೆ ಬೊಟ್ಟಿಟ್ಟು ನಮ್ಮಮ್ಮನ್ನ ಆಡ್ಕಂತೀಯೇನ್ಲಾ?"

ನೋಡಿದರೆ ಹೌದು. ಎರಡು ಹುಬ್ಬಿನ ನಡುವೆ ದುಂಡಗೆ, ಕಪ್ಪಗೆ ಒಂದು ಬೊಟ್ಟು. ನಾನಿಟ್ಟಿಲ್ಲ ಎಂದರೆ ಯಾರು ನಂಬುತ್ತಾರೆ? ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಯಿತು. ಇನ್ನು ಸುತ್ತಮುತ್ತ ಯಾರೂ ನನ್ನನ್ನು ಒಂದು ನಾಮಕರಣಕ್ಕೂ ಕರೆಯುವುದಿಲ್ಲ ಎಂದು ಖಾತ್ರಿಯಾಯಿತು. ಅವಮಾನಕ್ಕಿಂತ ಹೆಚ್ಚಾಗಿ ಭಯವೇ ಆಗಿತ್ತು.

ಕ್ಯಾಮೆರಾ, ಆಲ್ಬಂ ಎರಡನ್ನೂ ಎತ್ತಿಕೊಂಡು ಉರಿಗಾಂಗೆ ಓಡಿದೆ. ಅಕ್ಕ ಎಲ್ಲ ಚಿತ್ರಗಳನ್ನೂ ದೊಡ್ಡದು ಮಾಡಿ ನೋಡಿದರು. ಅದೇ ಜಾಗದಲ್ಲಿ ಅದೇ ಚುಕ್ಕೆ: ಒಂದರಲ್ಲಿ ಚಪ್ಪರದ ಬಟ್ಟೆಯ ಮೇಲೆ, ಇನ್ನೊಂದರಲ್ಲಿ ಹಸುವಿನ ಹೊಟ್ಟೆಯ ಮೇಲೆ.

"ಒಳಗೆ ಚಿತ್ರ ಬೀಳೋ ಸೆನ್ಸರ್ ಮೇಲೆ ಧೂಳು ಕೂತೈತೆ ತಂಬಿ. ಮುಂಚೆ ಇಟ್ಕೊಂಡಿದ್ದೋರು ಯಾರೋ ಬಾಯಲ್ಲಿ ಊದವ್ರೆ. ಎಂಜಲಿಗೆ ಅಂಟ್ಕೊಂಡೈತೆ."

"ಈಗ್ಲೇ ತೆಗೆದ್ಬಿಡಿ ಅಕ್ಕ."

"ಈಗ ತೆಗೆದ್ರೆ ಅವ್ರಿಗೆ ಏನ್ ತೋರಿಸ್ತೀಯ? ಕಳ್ಳನ್ನ ಓಡಿಸ್ಬಿಟ್ಟು ಪೋಲೀಸ್ನೋರನ್ನ ಕರೀತಾರಾ? ನಡಿ, ಗಾಡಿ ತೆಗಿ."

ಸ್ಟುಡಿಯೋಗೆ ಬೀಗ ಹಾಕಿ ನನ್ನ ಗಾಡಿಯ ಹಿಂದೆ ಕೂತರು. ದಾರಿಯುದ್ದಕ್ಕೂ ಕ್ಯಾಮೆರಾ ಅವರ ತೊಡೆಯ ಮೇಲೆಯೇ ಇತ್ತು.

ಆ ಮನೆಯ ಅಂಗಳದಲ್ಲಿ ಅಕ್ಕ ಯಾರ ಹತ್ತಿರವೂ ವಾದ ಮಾಡಲಿಲ್ಲ. ಸಿಟ್ಟಾಗಿದ್ದ ಮಗನನ್ನೇ ಬಿಸಿಲಿಗೆ ನಿಲ್ಲಿಸಿ, ನಾನು ತೆಗೆದ ಹಾಗೆಯೇ ಒಂದು ಚಿತ್ರ ತೆಗೆದು, ಕ್ಯಾಮೆರಾದ ಹಿಂದಿನ ತೆರೆಯಲ್ಲಿ ದೊಡ್ಡದು ಮಾಡಿ, "ಒಳಗಿನ ಧೂಳು, ನೋಡಿ" ಎಂದು ತೋರಿಸಿದರು. ಮೀಸೆ ಹೊತ್ತ ಆ ಮುಖದಲ್ಲಿ, ಹುಬ್ಬುಗಳ ನಡುವೆ, ದುಂಡನೆಯ ಬೊಟ್ಟು. ಸೇರಿದ್ದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಅವನಿಗೂ ನಗು ತಡೆಯಲಾಗಲಿಲ್ಲ.

"ಸರಿ ಬಿಡಮ್ಮ, ಧೂಳೇ. ನಮ್ಮಮ್ಮಂದು ಅಳಿಸ್ಕೊಡಿ."

"ಅಳಿಸ್ತೀವಿ. ಅವ್ರದೇ ಫೋಟೊ ಅಲ್ವಾ, ಅವ್ರನ್ನೇ ಒಂದ್ ಮಾತು ಕೇಳೋಣ" ಎಂದರು ಅಕ್ಕ.

ಅಜ್ಜಿ ಕೊಟ್ಟಿಗೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು. ಆಲ್ಬಂನಲ್ಲಿದ್ದ ತಮ್ಮ ಚಿತ್ರವನ್ನು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅಕ್ಕನ ಹಣೆ ನೋಡಿದರು. ಗಣಿ ಮುಚ್ಚಿದ ಮೇಲೆ ಅಕ್ಕನ ಗಂಡನೂ ತೀರಿಕೊಂಡಿದ್ದರು. ಅಕ್ಕ ಮಾತ್ರ ಕುಂಕುಮ ಬಿಟ್ಟಿರಲಿಲ್ಲ. ಇದು ಸುತ್ತಮುತ್ತ ಎಲ್ಲರಿಗೂ ಗೊತ್ತಿತ್ತು.

"ಇರ್ಲಿ ಬಿಡಮ್ಮ. ಚೆನ್ನಾಗೈತೆ" ಎಂದರು ಅಜ್ಜಿ.

"ಅಮ್ಮಾ, ಜನ ಏನಂತಾರೆ?"

"ಧೂಳು ಅನ್ನು. ಎಲ್ರೂ ಈಗ ನೋಡಿದ್ರಲ್ಲ."

ಮಗ ಆಲ್ಬಂ ಒಳಗೆ ಇಟ್ಟು ಬಂದ. ಚಿತ್ರ ಆಲ್ಬಂನಲ್ಲಿ ಉಳಿಯಿತು, ನಾನೂ ಕಸುಬಿನಲ್ಲಿ ಉಳಿದೆ. ಅವತ್ತೇ ಅಕ್ಕ ಬಚ್ಚಲಲ್ಲಿ ನೀರು ಸುರಿದು, ಬುರುಡೆಯ ಗಾಳಿಗೆ ಜಗ್ಗದ ಆ ಕಲೆಯನ್ನು ಔಷಧಿ ಹಚ್ಚಿದ ಪಟ್ಟಿಯಿಂದ ಒಂದೇ ಸಲಕ್ಕೆ ಒರೆಸಿ ತೆಗೆದರು. ಆಮೇಲೆ ಆ ಕೆಲಸ ನನಗೂ ಕಲಿಸಿದರು. ಕೈ ನಡುಗಿದರೆ ಬೈಯುತ್ತಿದ್ದರು, ಸರಿಯಾಗಿ ಮಾಡಿದರೆ ಏನೂ ಅನ್ನುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಅಕ್ಕ ತೀರಿಕೊಂಡರು. ಬೆಳಗ್ಗೆ ಸ್ಟುಡಿಯೋ ಬಾಗಿಲು ತೆಗೆದವರು ಅಲ್ಲೇ ಕುರ್ಚಿಯಲ್ಲಿ ಒರಗಿದರಂತೆ. ಗೋಡೆಗೆ ಹಾಕುವ ಫೋಟೊ ಮಾಡಿಕೊಡಲು ಮನೆಯವರು ನನಗೇ ಹೇಳಿದರು. ನಾನೇ ತೆಗೆದ ಒಂದು ಒಳ್ಳೆಯ ಚಿತ್ರವಿತ್ತು. ಅವರ ಗಂಡನ ಕಡೆಯ ಹಿರಿಯರೊಬ್ಬರು ನನ್ನ ಪಕ್ಕ ಬಂದು ಕೂತು, ಕಂಪ್ಯೂಟರಿನತ್ತ ಬೆರಳು ತೋರಿಸಿ, ಮೆಲ್ಲಗೆ ಹೇಳಿದರು:

"ಹಣೆ ಮೇಲಿಂದು ತೆಗೆದ್ಬಿಡು ತಂಬಿ. ಮನೇಲಿ ಹಾಕೋ ಫೋಟೊ."

"ಅದು ಧೂಳಲ್ಲ ಅಯ್ಯಾ" ಎಂದೆ. "ಅಕ್ಕ ಇಟ್ಕೊಂಡಿದ್ದು."

ಅವರು ಇನ್ನೂ ಏನೋ ಹೇಳುತ್ತಿದ್ದರು. ನಾನು ಅದನ್ನು ಹಾಗೆಯೇ ಪ್ರಿಂಟಿಗೆ ಕಳಿಸಿದೆ. ಅಕ್ಕ ನನಗೋಸ್ಕರ ಸ್ಟುಡಿಯೋಗೆ ಬೀಗ ಹಾಕಿ ಬಂದಿದ್ದರು. ಅವರಿಗೋಸ್ಕರ ನನ್ನಿಂದ ಆದದ್ದು ಇಷ್ಟೇ.