ಹಳಿ ದಾಟುವ ಮೊದಲು ಇಳಿಯಿರಿ

ನಮ್ಮವರು ಕೊನೆಯ ಸಲ ಡ್ಯೂಟಿಗೆ ಹೊರಟ ದಿನ ಮನೆಯಲ್ಲಿ ವಿಶೇಷವೇನೂ ನಡೆಯಲಿಲ್ಲ. ಕಾಪುವಿನ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಗಂಜಿ ಉಂಡರು. ಒಣಮೀನಿನ ಚಟ್ನಿಗೆ ಉಪ್ಪು ಜಾಸ್ತಿಯಾಯಿತು ಎಂದರು. ಖಾಕಿ ಅಂಗಿಯನ್ನು ತೊಟ್ಟುಕೊಂಡೇ ಕಿತ್ತುಹೋದ ಗುಂಡಿ ಹೊಲಿಸಿಕೊಳ್ಳುವುದು ಅವರ ಅಭ್ಯಾಸ. ಆವತ್ತೂ ಕತ್ತು ತಿರುಗಿಸಿ ಸೂಜಿ ಚುಚ್ಚಿಸಿಕೊಂಡು ನನಗೇ ಬೈದರು. ಕೋಳಿಗೂಡಿನ ಬಾಗಿಲು ಸಡಿಲವಾಗಿದೆ, ಭಾನುವಾರ ಸರಿ ಮಾಡುತ್ತೇನೆ ಎಂದು ಹೇಳಿ ಹೋದರು. ಸಂಜೆ ಜ್ವರ ಹೊತ್ತುಕೊಂಡು ಬಂದರು. ಆಸ್ಪತ್ರೆಗೆ ಸೇರಿಸಿದೆವು. ಆ ಭಾನುವಾರ ಬರುವ ಮೊದಲೇ ಅವರು ತೀರಿಕೊಂಡರು.

ಇದನ್ನು ಮೊದಲೇ ಹೇಳಿಬಿಟ್ಟದ್ದಕ್ಕೆ ಕಾರಣವುಂಟು. ಮುಂದಿನದನ್ನು ಓದಿದವರಿಗೆ, ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಏನೋ ಭ್ರಮೆಯಾಗಿರಬೇಕು ಎಂದು ಅನ್ನಿಸಬಹುದು. ಭ್ರಮೆಯಾಗಿದ್ದರೆ ನನಗೆ ಸಮಾಧಾನವೇ ಆಗುತ್ತಿತ್ತು. ನಾನು ಎಂಟನೆಯ ತರಗತಿಯವರೆಗೆ ಓದಿದವಳು. ದೈವದೇವರಿಗೆ ಕೈಮುಗಿಯುತ್ತೇನೆ. ಆದರೆ ಸತ್ತವರು ಬಂದರು, ಮಾತಾಡಿದರು ಎಂಬ ಕತೆಗಳನ್ನು ನಂಬಿದವಳಲ್ಲ. ನೆರೆಮನೆಯಲ್ಲಿ ಅಂಥ ಮಾತು ಶುರುವಾದರೆ, ಒಲೆಯ ಮೇಲೆ ಅನ್ನ ಉಂಟು ಎಂದು ಹೇಳಿ ಎದ್ದು ಬರುತ್ತಿದ್ದೆ.

ನಮ್ಮವರ ಹೆಸರು ಶೀನ. ರಸ್ತೆಯಲ್ಲಿ ಎಲ್ಲರಿಗೂ ಶೀನಣ್ಣ. ಐವತ್ತರ ದಶಕದ ಆರಂಭದಿಂದಲೂ ಕಾರ್ಕಳದ ಒಬ್ಬ ಧಣಿಗಳ ಬಸ್ಸು ಓಡಿಸುತ್ತಿದ್ದರು. ಉಡುಪಿಯಿಂದ ಹಿರಿಯಡ್ಕದ ಮೇಲೆ ಕಾರ್ಕಳಕ್ಕೆ ದಿನದ ಟ್ರಿಪ್ಪು, ಮದುವೆಯ ಕಾಲದಲ್ಲಿ ದಿಬ್ಬಣದ ಸ್ಪೆಶಲ್ಲು. ಆಗಿನ ಬಸ್ಸಿನಲ್ಲಿ ಕುಳಿತದ್ದಕ್ಕಿಂತ ಇಳಿದದ್ದೇ ಹೆಚ್ಚು ಎಂದು ಜನ ತಮಾಷೆ ಮಾಡುತ್ತಿದ್ದರು. ಮಣಿಪಾಲದ ಏರಿನಲ್ಲಿ ಇಂಜಿನ್ನು ಕಾದರೆ ಇಳಿದು ನಡೆಯಬೇಕು. ಸೇತುವೆ ಆಗದ ಹೊಳೆಗಳಲ್ಲಿ ಜೋಡುದೋಣಿಯ ಮೇಲೆ ಹಲಗೆ ಹಾಸಿ ಬಸ್ಸನ್ನು ದಾಟಿಸುತ್ತಿದ್ದರು. ಅಲ್ಲಿಯೂ ಜನ ಇಳಿಯಬೇಕು. ಬಸ್ಸು ಖಾಲಿಯಾಗದೆ ದೋಣಿಯವರು ಹಗ್ಗ ಬಿಚ್ಚುತ್ತಿರಲಿಲ್ಲ. ಹೀಗೆ ಹೊಳೆ ದಾಟುವ ಕಡವಿನಲ್ಲಿ ಇಳಿಯುವುದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ.

ಆದರೆ ರೈಲು ನಮಗೆ ಗೊತ್ತಿರಲಿಲ್ಲ. ಉಡುಪಿ, ಕಾಪು, ಕಾರ್ಕಳ ಎಲ್ಲಿಯೂ ಆಗ ಹಳಿ ಇರಲಿಲ್ಲ. ಒಂದು ಮದುವೆಗಾಗಿ ಉಪ್ಪಳದ ಕಡೆಗೆ ಹೋಗುವಾಗ ನಮ್ಮವರು ಮೊದಲ ಬಾರಿಗೆ ಗೇಟಿಲ್ಲದ ಹಳಿಯನ್ನು ದಾಟಿದ್ದು. ದೊಡ್ಡ ರಸ್ತೆಯಿಂದ ಕಡಲ ಬದಿಗೆ ಇಳಿಯುವ ಮಣ್ಣುದಾರಿ. ಎರಡೂ ಕಡೆ ಕೆಂಪುಕಲ್ಲನ್ನು ಕಡಿದು ಹಳಿ ಹಾಕಿದ್ದರು, ಮೇಲೆ ಗೇರುಮರಗಳು ಬಾಗಿಕೊಂಡಿದ್ದವು. ಹಳಿಯ ಮೇಲೆ ನಿಂತರೆ ಮಾತ್ರ ಆಚೀಚೆ ಕಾಣುತ್ತದೆ. ಪಕ್ಕದ ಚಾದಂಗಡಿಯಲ್ಲಿ, ರೈಲು ಯಾವಾಗ ಬರುತ್ತದೆ ಎಂದು ಕೇಳಿದರಂತೆ. ಬರುವಾಗ ಬರುತ್ತದೆ ಎಂದು ಅಂಗಡಿಯವನು ಹೇಳಿದನಂತೆ. ಹಿಂದಿನ ವಾರ ಅಲ್ಲಿಯೇ ಒಂದು ಎತ್ತಿನ ಗಾಡಿ ಪುಡಿಯಾದದ್ದನ್ನೂ ತೋರಿಸಿದನಂತೆ. ಚಕ್ರದ ಪಟ್ಟಿ ಇನ್ನೂ ಚರಂಡಿಯಲ್ಲಿ ಬಿದ್ದಿತ್ತು.

ಆವತ್ತಿನಿಂದ ಹಳಿ ಸಿಕ್ಕಲ್ಲೆಲ್ಲ ಅವರು ಕಡವಿನ ಕ್ರಮವನ್ನೇ ಮಾಡಿದರು. ಬಸ್ಸು ದೂರದಲ್ಲಿಯೇ ನಿಲ್ಲಬೇಕು, ಇಂಜಿನ್ನು ಬಂದ್ ಆಗಬೇಕು. ಕಂಡಕ್ಟರ್ ಹಳಿಯ ತನಕ ನಡೆದು ಎರಡೂ ಕಡೆ ನೋಡಿ, ಕಿವಿಗೊಟ್ಟು, ಹೆಗಲಿನ ಬೈರಾಸು ತೆಗೆದು ಬೀಸಬೇಕು. ಆಮೇಲೆ ಜನ ನಡೆದು ದಾಟಬೇಕು. ಕೊನೆಗೆ ಖಾಲಿ ಬಸ್ಸಿನಲ್ಲಿ ಅವರೊಬ್ಬರೇ ದಾಟಿ ಬರುತ್ತಿದ್ದರು. ಪ್ರತಿ ಸಲವೂ ಸೀಟಿನಿಂದ ಅರ್ಧ ಎದ್ದು, ಹಿಂದೆ ತಿರುಗಿ ಒಂದೇ ಮಾತು ಹೇಳುತ್ತಿದ್ದರು: "ಎಲ್ಲರೂ ಇಳಿಯಿರಿ. ನಡೆದು ಆಚೆ ಹೋಗಿ. ಬಸ್ಸು ಹಿಂದಿನಿಂದ ಬರುತ್ತದೆ."

ಉಳಿದ ಡ್ರೈವರುಗಳು ಬಿಡುತ್ತಾರೆಯೇ? ಉಡುಪಿಯ ಸ್ಟ್ಯಾಂಡಿನಲ್ಲಿ ಇವರನ್ನು ಕಂಡರೆ ಸಾಕು, "ಎಂತ ಶೀನಣ್ಣ, ರೈಲಿಗೆ ಹೆದರಿ ಜನರನ್ನು ಮುಂದೆ ಬಿಡುವುದಂತೆ?" ಎಂದು ಕೆಣಕುತ್ತಿದ್ದರು. "ಬಸ್ಸಿನ ಒಳಗೆ ಉಳಿಯುವುದು ಯಾರು ಮಾರಾಯ, ನಾನಲ್ವಾ?" ಎಂದು ಇವರು ನಗುತ್ತಿದ್ದರು. ಕೋಟು ಹಾಕಿದ ಒಬ್ಬ ವಕೀಲರು ಒಮ್ಮೆ, ಟಿಕೇಟು ಕೊಂಡದ್ದು ನಡೆಯುವುದಕ್ಕಲ್ಲ ಎಂದು ಸೀಟು ಬಿಡದೆ ಕುಳಿತರಂತೆ. ನಮ್ಮವರು ಜಗಳ ಮಾಡಲಿಲ್ಲ. ಬೀಡಿ ಹಚ್ಚಿಕೊಂಡು ಗೇರುಮರದ ಕೆಳಗೆ ಕುಳಿತು, "ಅವಸರವಿಲ್ಲ ಸ್ವಾಮಿ, ನಾಳೆ ಹೋಗುವ" ಎಂದರಂತೆ. ಆಚೆ ನಿಂತಿದ್ದ ಹೆಂಗಸರು ವಕೀಲರಿಗೆ ಹೇಳಬೇಕಾದ್ದನ್ನೆಲ್ಲ ಹೇಳಿದ ಮೇಲೆ ಅವರೇ ಇಳಿದು ಬಂದರಂತೆ. ಈ ಕತೆಯನ್ನು ಇವರು ಮನೆಯಲ್ಲಿ ಎಷ್ಟು ಸಲ ಹೇಳಿದ್ದರೋ, ಪ್ರತಿ ಸಲವೂ ವಕೀಲರ ಕೋಟು ಸ್ವಲ್ಪ ಉದ್ದವಾಗುತ್ತಿತ್ತು.

ಅವರು ಹೋದ ಮೇಲೆ ಆ ಬಸ್ಸಿಗೆ ಜೋಸೆಫ್ ಬಂದ. ಕೆಮ್ಮಣ್ಣು ಊರಿನ ಹುಡುಗ, ಕೈ ಚೆನ್ನಾಗಿತ್ತು, ಸ್ವಲ್ಪ ಅವಸರ. ಹಳಿಯ ಬಳಿ ಜನರನ್ನು ಇಳಿಸುವುದನ್ನು ಅವನು ಬಿಟ್ಟುಬಿಟ್ಟ. ಧಣಿಗಳು ಬೇಡ ಎಂದರು ಎಂದು ಕಂಡಕ್ಟರ್ ದೂಮಣ್ಣ ನನಗೆ ಬಂದು ಹೇಳಿದ. ದಿಬ್ಬಣದವರಿಗೆ ಮುಹೂರ್ತದ ಗಡಿಬಿಡಿ, ಇಳಿಸಿ ಹತ್ತಿಸುವಾಗ ಹೊತ್ತಾಗುತ್ತದೆ, ಬೇರೆ ಕಂಪೆನಿಯ ಬಸ್ಸಿಗೆ ಜನ ಹೋಗುತ್ತಾರೆ ಎಂದರಂತೆ.  ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮಗೆ ಮಕ್ಕಳಿಲ್ಲ. ಅವರು ಈ ಲೋಕದಲ್ಲಿ ತಾವಾಗಿ ಮಾಡಿ ಬಿಟ್ಟುಹೋದದ್ದು ಎಂದರೆ ಆ ಒಂದು ಕ್ರಮ. ಅದೂ ಅವರ ಹಿಂದೆಯೇ ಹೋಯಿತಲ್ಲ ಎಂದು ಅನ್ನಿಸಿತು.

ವರ್ಷ ಕಳೆದ ಮೇಲೆ ನನ್ನ ಅಕ್ಕನ ಮಗನ ಮದುವೆ ಬಂತು. ಹುಡುಗ ಬೊಂಬಾಯಿಯಲ್ಲಿ ಹೋಟೆಲ್ ಕೆಲಸದಲ್ಲಿದ್ದವನು, ನನ್ನ ಮದುವೆಗೂ ಮೊದಲೇ ಸಣ್ಣವನಿರುವಾಗ ಹೋದವನು. ನಮ್ಮವರನ್ನು ಅವನು ನೋಡಿರಲೇ ಇಲ್ಲ. ಹುಡುಗಿಯ ಮನೆ ಅದೇ ಉಪ್ಪಳದ ಕಡಲ ಬದಿ. ನಾನು ಬರುವುದಿಲ್ಲ ಎಂದೆ. ನನ್ನಂಥವಳು ಹೋಗಿ ಎಲ್ಲಿ ನಿಲ್ಲುವುದು ಎಂದು ಸಂಕೋಚ. ಅಕ್ಕ ಕೇಳಲಿಲ್ಲ. "ನೀನು ಬಾರದಿದ್ದರೆ ದಿಬ್ಬಣ ಹೊರಡುವುದಿಲ್ಲ, ನೋಡು" ಎಂದಳು. ಬಸ್ಸು ಕೂಡ ಅದೇ, ಜೋಸೆಫನದು. ನಾನು ಹಿಂದಿನ ಸೀಟಿನಲ್ಲಿ ಕಿಟಕಿಯ ಬದಿ ಕುಳಿತೆ.

ಹಳಿಯ ಬಳಿ ತಲಪುವಾಗ ಒಳ್ಳೆಯ ಬಿಸಿಲು. ನಮ್ಮ ಕಡೆಯ ಡ್ರೈವರುಗಳಿಗೆ ಒಂದು ರೂಢಿಯುಂಟು. ಕಿರುಸೇತುವೆಗಳಲ್ಲಿ ಯಾರು ಮೊದಲು ಹಾರನ್ ಹೊಡೆಯುತ್ತಾರೋ ಅವರಿಗೆ ದಾರಿ, ಎದುರಿನವರು ನಿಲ್ಲಬೇಕು. ಜೋಸೆಫ್ ಹಳಿಗೂ ಅದನ್ನೇ ಮಾಡಿದ. ದೂರದಿಂದಲೇ ರಬ್ಬರ್ ಹಾರನ್ನನ್ನು ಹಿಂಡಿ ಹಿಂಡಿ, ನಿಲ್ಲಿಸದೆ ಬಾರಿಸತೊಡಗಿದ. ಇಂಜಿನ್ನಿನ ಗದ್ದಲ, ಹಾರನ್ನು, ಮುಂದೆ ಕುಳಿತ ವಾಲಗದವರ ಡೋಲು, ಹೆಂಗಸರ ಮಾತು. ಪಕ್ಕದಲ್ಲಿದ್ದವಳು ಏನೋ ಕೇಳಿದ್ದು ನನಗೆ ತಿಳಿಯಲಿಲ್ಲ, ಅವಳು ಎರಡನೆಯ ಸಲ ಕೇಳಬೇಕಾಯಿತು.

ಅಷ್ಟರಲ್ಲಿ ಬಸ್ಸು ಗಕ್ಕನೆ ನಿಂತಿತು. ಡೋಲು ನಿಂತಿತು. ಎಲ್ಲರೂ ಎದ್ದರು. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಕಡವಿಗೆ ಬಂದಾಗ ಹೇಗೆ ಇಳಿಯುತ್ತೇವೋ ಹಾಗೆ ಮಕ್ಕಳನ್ನು ಎತ್ತಿಕೊಂಡು, ಸೀರೆ ಎತ್ತಿ ಹಿಡಿದುಕೊಂಡು ಇಳಿಯತೊಡಗಿದರು. ಮದುಮಗನೂ ಮುಂಡಾಸು ಹಿಡಿದುಕೊಂಡು ಇಳಿದ. ಎಲ್ಲರೂ ಇಳಿದರಲ್ಲ ಎಂದು ನಾನೂ ಇಳಿದೆ. ದೂಮಣ್ಣ ಹಿಂದಿನ ಅಭ್ಯಾಸದಂತೆ ಹಳಿಯ ಕಡೆಗೆ ಹೆಜ್ಜೆ ಇಟ್ಟವನು ಅಲ್ಲಿಂದಲೇ ಎರಡೂ ಕೈ ಎತ್ತಿ ಹಿಂದಕ್ಕೆ ಹಾರಿದ. ಡಬ್ಬಿಗಳಿಲ್ಲದ ಒಂದು ಒಂಟಿ ಇಂಜಿನ್ನು ಹಿಮ್ಮುಖವಾಗಿ, ಕೆಂಪುಕಲ್ಲಿನ ಕಡಿತದ ನಡುವಿನಿಂದ ನಮ್ಮ ಮುಂದೆಯೇ ಹಾದುಹೋಯಿತು. ಕಲ್ಲಿದ್ದಲಿನ ಬಿಸಿ ನಮ್ಮ ಮುಖಕ್ಕೆ ತಾಗಿತು. ಬಸ್ಸಿಗೂ ಹಳಿಗೂ ನಡುವೆ ಇದ್ದದ್ದು ಒಂದು ಮಂಚ ಹಾಕುವಷ್ಟು ಜಾಗ.

 ಆಮೇಲೆ ಜೋಸೆಫ್ ಬಸ್ಸಿನಿಂದ ಇಳಿದು ಬಂದ. ಮುಖ ಬಿಳಿಚಿತ್ತು.

"ದೂಮಣ್ಣ, ನೀವು ಕೂಗಿದ್ದಾ?" ಎಂದು ಕೇಳಿದ.

ದೂಮಣ್ಣನ ಬಾಯಿ ತುಂಬ ಎಲೆಯಡಿಕೆ. ಅದನ್ನು ಉಗಿದು, "ನಾನೆಂತ ಕೂಗುವುದು? ನೀನೇ ಹೇಳಿದ್ದು ಅಂತ ನಾನು ಇಳಿದದ್ದು" ಎಂದ.

"ನಾನು ಹೇಳಲಿಲ್ಲ. ನನ್ನ ಬೆನ್ನಿನ ಹತ್ತಿರ ಹೇಳಿದರು. ಅದಕ್ಕೇ ಬ್ರೇಕು ಹಾಕಿದ್ದು."

ವಾಲಗದವರು, ಅವರಲ್ಲಿ ಯಾರೂ ಅಲ್ಲ ಎಂದರು. ಗಂಡಸರು ಒಬ್ಬರನ್ನೊಬ್ಬರು ಕೇಳಿಕೊಂಡರು. ಆಗ ಮದುಮಗ, ನಮ್ಮವರ ಮುಖವನ್ನೇ ನೋಡದ ಆ ಹುಡುಗ, ತನಗೆ ಕೇಳಿಸಿದ್ದನ್ನು ಹೇಳಿದ: "ಎಲ್ಲರೂ ಇಳಿಯಿರಿ, ನಡೆದು ಆಚೆ ಹೋಗಿ, ಬಸ್ಸು ಹಿಂದಿನಿಂದ ಬರುತ್ತದೆ ಅಂತ ಹೇಳಿದರಲ್ಲ? ಯಾರು ಅದು?"

ದೂಮಣ್ಣ ನನ್ನ ಕಡೆ ನೋಡಿದ. ಜೋಸೆಫ್ ಹತ್ತಿರ ಬಂದು ನನ್ನ ಕಾಲಿನ ಬಳಿ ಮಣ್ಣಿನಲ್ಲಿ ಕುಳಿತುಬಿಟ್ಟ. "ಅಕ್ಕ, ನಾನು ಇನ್ನು ಇಳಿಸದೆ ಹೋಗುವುದಿಲ್ಲ" ಎಂದ. ನಾನು ಅವನ ತಲೆಯ ಮೇಲೆ ಕೈ ಇಟ್ಟೆ. ಮದುವೆಗೆ ಬರಲು ಹಿಂಜರಿದಿದ್ದ ನನ್ನನ್ನು ಅಕ್ಕ ಕೈಹಿಡಿದು ಎಲ್ಲರಿಗಿಂತ ಮುಂದೆ ಹಳಿ ದಾಟಿಸಿದಳು. ಹಿಂದೆ ಇಡೀ ದಿಬ್ಬಣ ನಡೆಯಿತು. ಅಷ್ಟು ಜನರಲ್ಲಿ ಒಬ್ಬರೂ ಬಸ್ಸಿನಲ್ಲಿ ಉಳಿಯಲಿಲ್ಲ. ಆ ಹೊತ್ತಿನಲ್ಲಿ ನನಗಾದ ಹೆಮ್ಮೆಯನ್ನು ಹೇಗೆ ಬರೆಯಬೇಕೆಂದು ತಿಳಿಯುವುದಿಲ್ಲ. ಅವರು ಬದುಕಿದ್ದಾಗಲೂ ಅಷ್ಟು ಹೆಮ್ಮೆ ಪಟ್ಟಿರಲಿಲ್ಲ.

ಧಣಿಗಳಿಗೆ ವಿಷಯ ತಿಳಿಯಿತು. ಅವರು ಮನೆಗೇ ಬಂದು ಜಗಲಿಯಲ್ಲಿ ಕುಳಿತರು, ನೀರು ಬೆಲ್ಲ ತೆಗೆದುಕೊಂಡರು, ತಲೆ ತಗ್ಗಿಸಿ ಹೋದರು. ಮರುವಾರದಿಂದ ಅವರ ಎಲ್ಲ ಬಸ್ಸುಗಳಲ್ಲೂ ಹಳಿ ಬಂದರೆ ಜನರನ್ನು ಇಳಿಸಬೇಕೆಂದು ಕಟ್ಟುನಿಟ್ಟಾಯಿತು. ಒಬ್ಬರನ್ನು ನೋಡಿ ಇನ್ನೊಬ್ಬರು, ಬೇರೆ ಕಂಪೆನಿಗಳ ಸ್ಪೆಶಲ್ಲುಗಳೂ ಹಾಗೆಯೇ ಮಾಡತೊಡಗಿದವು. ಹಿಂದೆ ಕೆಣಕುತ್ತಿದ್ದ ಡ್ರೈವರುಗಳೇ ಹೊಸಬರಿಗೆ, "ಹಳಿ ಬಂದರೆ ಶೀನಣ್ಣನ ಕ್ರಮ ಮಾಡಬೇಕು, ಗೊತ್ತಾಯಿತಲ್ವಾ?" ಎಂದು ಹೇಳಿಕೊಡುವುದನ್ನು ನಾನು ಉಡುಪಿಯ ಸ್ಟ್ಯಾಂಡಿನಲ್ಲಿ ನಿಂತು ಕೇಳಿದ್ದೇನೆ. ಕೆಲವು ವರ್ಷದ ಮೇಲೆ ಆ ಜಾಗಕ್ಕೆ ಗೇಟೂ ಬಂತು, ಅದನ್ನು ಕಾಯುವವನೂ ಬಂದ.

ಇದಕ್ಕೆ ಕಾರಣವೇನೆಂದು ನಾನು ತುಂಬ ಯೋಚಿಸಿದ್ದೇನೆ. ಹಿಂದೆ ಅವರ ಬಸ್ಸಿನಲ್ಲಿ ಹೋಗಿದ್ದ ಯಾರೋ ಹೆದರಿ ಆ ಮಾತನ್ನು ಕೂಗಿರಬಹುದು, ಆಮೇಲೆ ಒಪ್ಪಿಕೊಳ್ಳದೆ ಉಳಿದಿರಬಹುದು ಎಂದುಕೊಂಡೆ. ಆದರೆ ಆ ಗದ್ದಲದಲ್ಲಿ ಒಬ್ಬರ ಕೂಗು ಮುಂದಿನ ಸೀಟಿನಿಂದ ಹಿಂದಿನ ಸೀಟಿನ ತನಕ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸುವುದು ಹೇಗೆ? ಕೂಗಿದ ಹಾಗೆ ಇರಲಿಲ್ಲ, ಪಕ್ಕದಲ್ಲಿ ಕುಳಿತು ಹೇಳಿದ ಹಾಗಿತ್ತು ಎಂದು ಎಲ್ಲರೂ ಹೇಳುತ್ತಾರೆ. ಆ ಬಸ್ಸಿನಲ್ಲಿದ್ದವರು ಸಿಕ್ಕಿದರೆ ನಾನು ಈಗಲೂ ಕೇಳುತ್ತೇನೆ. ಹೇಗಿತ್ತು ಧ್ವನಿ? ಬೀಡಿಯ ಕೆಮ್ಮು ಇತ್ತಾ? ಸಿಟ್ಟಿನಲ್ಲಿ ಹೇಳಿದರಾ, ನಗುತ್ತಾ ಹೇಳಿದರಾ? ಅವರು ಪಾಪ, ನೆನಪು ಮಾಡಿಕೊಂಡು ತಾಳ್ಮೆಯಿಂದ ಹೇಳುತ್ತಾರೆ. ನನ್ನ ಪಕ್ಕದಲ್ಲಿ ಕುಳಿತಿದ್ದವಳೂ ಹೇಳುತ್ತಾಳೆ.

ನಾನೇಕೆ ಕೇಳುತ್ತೇನೆ ಎಂದು ಅವರಲ್ಲಿ ಯಾರಿಗೂ ಹೇಳಿಲ್ಲ. ಆ ದಿನ ಬಸ್ಸಿನಲ್ಲಿದ್ದ ಎಲ್ಲರಿಗೂ ಅವರ ಮಾತು ಕೇಳಿಸಿತು. ನನಗೆ ಕೇಳಿಸಲಿಲ್ಲ.